ಬೈಪಾಸ್: ಪರ್ಸೆಂಟ್ ಬಿಟ್ಟು ಬೇರೆ ಏನು ಕೇಳಬೇಕು?

ನಮ್ಮ ಕಡೆ ಯಾರಿಗಾದರೂ ಆಂಜಿಯೋಗ್ರಾಂ (ಹೃದಯದ ನಾಳಗಳಲ್ಲಿ ಬಣ್ಣ ಬಿಟ್ಟು ತೆಗೆಯುವ ಎಕ್ಸ್-ರೇ) ಆಯಿತು ಅಂದರೆ ಮೊದಲ ಪ್ರಶ್ನೆ ಒಂದೇ. "ಎಷ್ಟು ಪರ್ಸೆಂಟ್ ಬ್ಲಾಕ್ ಐತ್ರಿ?" ತೊಂಬತ್ತು ಅಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಅರವತ್ತು ಅಂದರೆ "ಹಂಗಾರ ಚಿಂತಿಲ್ಲ ಬಿಡ್ರಿ" ಅಂತ ಚಹಾ ಕುಡಿದು ಹೋಗುತ್ತಾರೆ. ಎರಡನೇ ಪ್ರಶ್ನೆ, "ರೊಕ್ಕ ಎಷ್ಟಾತು?" ಅಲ್ಲಿಗೆ ಮಾತು ಮುಗಿಯಿತು.

ಬೆಟಗೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಕಾಕಾಗೆ ಹುಬ್ಬಳ್ಳಿಯಲ್ಲಿ ಬೈಪಾಸ್, ಅಂದರೆ ಬ್ಲಾಕ್ ದಾಟಿಸಿ ರಕ್ತಕ್ಕೆ ಹೊಸ ದಾರಿ ಹೊಲಿಯುವ ಆಪರೇಷನ್ ಆಯಿತು. ಆಗ ಆಸ್ಪತ್ರೆ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ನಾನು ಡಾಕ್ಟರ್ ಅಲ್ಲ. ಆದರೆ ಅವತ್ತಿನಿಂದ ಗದಗದಲ್ಲಿ ನಮ್ಮ ಗುರುತಿನವರಿಗೆ ಬೈಪಾಸ್ ಹೇಳಿದರೆ ನನಗೆ ಫೋನ್ ಬರುತ್ತದೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಆಪರೇಷನ್ ದಿನದ ಬಗ್ಗೆ ಎಲ್ಲರೂ ಹೆದರುತ್ತಾರೆ. ನನ್ನ ಪ್ರಕಾರ ಆ ದಿನ ರೋಗಿಗಾಗಲಿ ಮನೆಯವರಿಗಾಗಲಿ ಮಾಡಲು ಏನೂ ಇರುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಅದರ ಹಿಂದಿನ ವಾರ, ಮತ್ತು ಮುಂದಿನ ವರ್ಷಗಳು. ಅಲ್ಲೇ ನಾವು ಸಡಿಲ ಬಿಡುವುದು.

ಪರ್ಸೆಂಟ್ ಬೇಡ ಅಂತಲ್ಲ. ಆದರೆ ಬ್ಲಾಕ್ ಎಲ್ಲಿದೆ ಅನ್ನುವುದು ಅದಕ್ಕಿಂತ ಮುಖ್ಯ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ದೊಡ್ಡ ನಾಳಗಳು ಎರಡು, ಬಲಕ್ಕೊಂದು ಎಡಕ್ಕೊಂದು. ಎಡಗಡೆಯದು ಸ್ವಲ್ಪ ದೂರ ಬಂದು ಕವಲು ಒಡೆಯುತ್ತದೆ. ಮುಂದೆ ಇಳಿಯುವ ಕವಲಿಗೆ ಎಲ್‌ಎಡಿ ಅನ್ನುತ್ತಾರೆ. ಹಿಂದಕ್ಕೆ ಸುತ್ತಿಕೊಂಡು ಹೋಗುವುದು ಸರ್ಕಂಫ್ಲೆಕ್ಸ್. ಕವಲು ಒಡೆಯುವ ಮುಂಚಿನ ಗಿಡ್ಡ ಬೊಡ್ಡೆಯ ಹೆಸರು ಲೆಫ್ಟ್ ಮೇನ್. ಈ ಬೊಡ್ಡೆಯಲ್ಲಿ 50 ಪರ್ಸೆಂಟ್ ಕಂಡರೂ ಡಾಕ್ಟರು ಗಂಭೀರವಾಗುತ್ತಾರೆ. ಯಾಕೆಂದರೆ ಎರಡೂ ಕವಲಿಗೆ ರಕ್ತ ಅಲ್ಲಿಂದಲೇ ಹೋಗಬೇಕು. ಉಳಿದ ಕಡೆ ಸಾಮಾನ್ಯವಾಗಿ 70 ದಾಟಿದರೆ ಲೆಕ್ಕ. ಎಲ್ಲೋ ತುದಿಯ ಸಣ್ಣ ಕೊಂಬೆಯಲ್ಲಿ 90 ಇದ್ದರೂ ಬರೀ ಗುಳಿಗೆಯಲ್ಲೇ ನಡೆಯಬಹುದು. ಹಾಗಾಗಿ ಕೇಳಬೇಕಾದ್ದು ಇದು: ಎಷ್ಟು ನಾಳ ಕೆಟ್ಟಿವೆ? ಲೆಫ್ಟ್ ಮೇನ್ ಇದೆಯಾ? ಎಲ್‌ಎಡಿಯ ಮೇಲಿನ ಭಾಗದಲ್ಲಿ ಇದೆಯಾ?

ಇನ್ನೊಂದು, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಬರುವ ಇಎಫ್. ನಮ್ಮ ಚಿಗವ್ವ ಅದರಲ್ಲಿ 45 ಅಂತ ಓದಿ ಅತ್ತುಬಿಟ್ಟರು. ಹೃದಯ ಅರ್ಧಕ್ಕಿಂತ ಕಮ್ಮಿ ಉಳಿದಿದೆ ಅಂತ ಅವರ ಲೆಕ್ಕ. ಹಾಗಲ್ಲ. ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವುದೇ ಇಎಫ್. ಗಟ್ಟಿಮುಟ್ಟಾದ ಹೃದಯದಲ್ಲೂ ಅದು 55ರಿಂದ 65ರ ಆಸುಪಾಸು ಇರುತ್ತದೆ, ನೂರು ಯಾರಿಗೂ ಇರುವುದಿಲ್ಲ. 45 ಅಂದರೆ ಸ್ವಲ್ಪ ಕಮ್ಮಿ. 30ರ ಕೆಳಗಿದ್ದರೆ ಆಪರೇಷನ್ನಿನ ಅಪಾಯ ಜಾಸ್ತಿ. ಆದರೆ ಅಂಥವರಲ್ಲೇ ಕೆಲವರಿಗೆ ಆಪರೇಷನ್ನಿನ ಲಾಭವೂ ಜಾಸ್ತಿ. ಸುಮ್ನೆ ನಂಬರ್ ನೋಡಿ ಅಳಬೇಡಿ, ಕೂತು ಕೇಳಿ.

ಮೂರನೆಯದು ಶುಗರ್. ಕಾಕಾಗೆ ಬಹಳ ವರ್ಷಗಳ ಶುಗರ್. ಮೂರೂ ನಾಳದಲ್ಲಿ ಬ್ಲಾಕ್. ಇಂಥವರಿಗೆ ಸ್ಟೆಂಟ್ (ನಾಳವನ್ನು ಒಳಗಿನಿಂದ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಒಳ್ಳೆಯದೋ ಬೈಪಾಸ್ ಒಳ್ಳೆಯದೋ ಅನ್ನುವ ಪ್ರಶ್ನೆಗೆ 2012ರಲ್ಲಿ ಫ್ರೀಡಂ ಅನ್ನುವ ದೊಡ್ಡ ಅಧ್ಯಯನ ಉತ್ತರ ಕೊಟ್ಟಿತು. ಶುಗರ್ ಇದ್ದು ಒಂದಕ್ಕಿಂತ ಹೆಚ್ಚು ನಾಳ ಕೆಟ್ಟ 1900 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಐದು ವರ್ಷದ ಹೊತ್ತಿಗೆ ಸಾವು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಮೂರೂ ಸೇರಿ ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ ಸುಮಾರು 27, ಬೈಪಾಸ್ ಗುಂಪಿನಲ್ಲಿ ಸುಮಾರು 19. ಪಾರ್ಶ್ವವಾಯು ಒಂದು ಮಾತ್ರ ಬೈಪಾಸ್ ಆದವರಲ್ಲಿ ಸ್ವಲ್ಪ ಹೆಚ್ಚು ಇತ್ತು. "ಎದಿ ಸೀಳೋದು ಬ್ಯಾಡ್ರಿ, ಸ್ಟೆಂಟ್ ಹಾಕಿ ಮುಗಸ್ರಿ" ಅನ್ನುವವರು ಇದನ್ನು ತಿಳಿದಿರಬೇಕು. ಒಂದು ನಾಳ, ಶುಗರ್ ಇಲ್ಲ ಅಂದರೆ ಸ್ಟೆಂಟ್ ಸಾಕಾಗಬಹುದು. ಮೂರು ನಾಳ, ಮೇಲೆ ಶುಗರ್ ಅಂದರೆ ತಕ್ಕಡಿ ಬೈಪಾಸ್ ಕಡೆ ವಾಲುತ್ತದೆ.

ಇಲ್ಲಿ ಒಂದು ದೂರು. ಕಾಕಾನ ಆಂಜಿಯೋಗ್ರಾಂ ಮೊದಲು ಆಗಿದ್ದು ಬೇರೊಂದು ಆಸ್ಪತ್ರೆಯಲ್ಲಿ. ಅವರು ಒಳಗೆ ಟೇಬಲ್ ಮೇಲೆ ಇದ್ದಾಗಲೇ ಒಬ್ಬರು ಹೊರಗೆ ಬಂದು "ಬ್ಲಾಕ್ ಅದಾವ, ಈಗ ಸ್ಟೆಂಟ್ ಹಾಕಿಬಿಡ್ತೇವಿ, ಸಹಿ ಮಾಡ್ರಿ" ಅಂದರು. ಎಷ್ಟು, ಎಲ್ಲಿ ಅಂತ ಕೇಳಿದರೆ "ಲೇಟ್ ಮಾಡಬ್ಯಾಡ್ರಿ" ಅನ್ನುವುದೇ ಉತ್ತರ. ಹಾರ್ಟ್ ಅಟ್ಯಾಕ್ ನಡೆಯುತ್ತಿದ್ದರೆ ಆ ಮಾತು ಸರಿ. ಆಗ ಮುಚ್ಚಿದ ನಾಳವನ್ನು ಕೂಡಲೇ ತೆರೆಯಬೇಕು, ಚರ್ಚೆಗೆ ಟೈಮ್ ಇಲ್ಲ. ಕಾಕಾಗೆ ಹಾಗೇನೂ ಇರಲಿಲ್ಲ. ನಡೆದರೆ ಎದೆ ಹಿಡಿಯುತ್ತದೆ, ನಿಂತರೆ ಹೋಗುತ್ತದೆ, ಅಷ್ಟೇ. ಸಹಿ ಮಾಡಲಿಲ್ಲ. ಸ್ಥಿರವಾಗಿರುವ ರೋಗಿಗೆ ಮೂರು ನಾಳ ಕೆಟ್ಟಿದ್ದರೆ ಕಾರ್ಡಿಯಾಲಜಿಸ್ಟ್ ಮತ್ತು ಹೃದಯದ ಸರ್ಜನ್ ಇಬ್ಬರೂ ನೋಡಿ ಹೇಳಬೇಕು. ಅದು ನೀವು ಕೇಳುವ ಉಪಕಾರ ಅಲ್ಲ, ನಡೆಯಬೇಕಾದ ರೀತಿಯೇ ಹಾಗೆ.

ಆಂಜಿಯೋಗ್ರಾಂ ಸಿಡಿ ಕೇಳಿ ಇಸಿದುಕೊಳ್ಳಿ. ಕಾಗದದ ರಿಪೋರ್ಟ್ ಒಂದೇ ಸಾಲದು. ಎರಡನೇ ಡಾಕ್ಟರು ನೋಡುವುದು ಸಿಡಿಯನ್ನೇ. ಎರಡನೇ ಅಭಿಪ್ರಾಯ ಕೇಳಿದರೆ ಮೊದಲನೆಯವರಿಗೆ ಸಿಟ್ಟು ಬರುತ್ತದೆ ಅಂತ ನಮ್ಮವರಿಗೆ ಸಂಕೋಚ. ಸಿಟ್ಟು ಬರುವ ಡಾಕ್ಟರಾದರೆ ಅದೂ ಒಂದು ಮಾಹಿತಿಯೇ ಆಯಿತಲ್ವಾ? ಒಂದು ಎಚ್ಚರ ಮಾತ್ರ. ಲೆಫ್ಟ್ ಮೇನ್ ಬಹಳ ಮುಚ್ಚಿದೆ, ಅಥವಾ ಕೂತಾಗಲೂ ನೋವು ಬರುತ್ತಿದೆ ಅಂದರೆ ಮನೆಗೆ ಹೋಗಿ ಅಮಾವಾಸ್ಯೆ ಕಳೆಯಲಿ, ಶೀಗಿ ಹುಣ್ಣಿಮೆ ಕಳೆಯಲಿ ಅಂತ ಕಾಯುವಂತಿಲ್ಲ.

ನೋವಿನ ಮಾತು ಬಂತು, ಗ್ಯಾಸ್ ಬಗ್ಗೆ ಹೇಳದೆ ಹೋಗಲಾರೆ. ಗಿರಮಿಟ್ಟು, ಮಿರ್ಚಿ ತಿನ್ನುವ ಊರಲ್ಲಿ ಎದೆಯಲ್ಲಿ ಏನಾದರೂ ಅದು ಗ್ಯಾಸೇ. ಕಾಕಾ ತಿಂಗಳುಗಟ್ಟಲೆ ಅಜವಾನ ಜಗಿದರು, ಸೋಡಾ ಕುಡಿದರು. ಶುಗರ್ ಇದ್ದ ಕೆಲವರಿಗೆ ಎದೆನೋವು ಸರಿಯಾಗಿ ಗೊತ್ತಾಗುವುದೇ ಇಲ್ಲ. ಬರೀ ಸುಸ್ತು, ಬೆವರು, ದಮ್ಮು, ದವಡೆ ನೋವು ಇಷ್ಟೇ ಇರಬಹುದು. ನಡೆದಾಗ ಬಂದು ನಿಂತಾಗ ಹೋಗುವ ಗ್ಯಾಸ್ ಗ್ಯಾಸ್ ಅಲ್ಲ. ಕೆಲವು ನಿಮಿಷ ಕೂತರೂ ಹೋಗದ ಎದೆಭಾರಕ್ಕೆ ಮನೆಯಲ್ಲಿ ಕೂರಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ರೋಣದಿಂದಲೋ ಹಿರೇಕೆರೂರಿನಿಂದಲೋ ಹುಬ್ಬಳ್ಳಿ ಮುಟ್ಟುವ ತನಕ ಹೃದಯ ಕಾಯುವುದಿಲ್ಲ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ, ಆಮೇಲೆ ಹುಬ್ಬಳ್ಳಿ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರುವಂತಿಲ್ಲ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ನೋಡಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಯೋಜನೆ ಅದು. ಯಾವುದೇ ಇರಲಿ, ದಾಖಲಾಗುವ ಮುಂಚೆಯೇ ಕಾರ್ಡ್ ತೋರಿಸಿ ಕೇಳಬೇಕು. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ನಗದು ಕಟ್ಟಿದ ಮೇಲೆ ಕಾರ್ಡ್ ನೆನಪಾದರೆ ಆ ದುಡ್ಡು ವಾಪಸ್ ತೆಗೆಯುವುದು ಕಷ್ಟ.

ಆಪರೇಷನ್ ಹಿಂದಿನ ವಾರ ಗುಳಿಗೆಗಳ ವಾರ. ನೀವು ತೆಗೆದುಕೊಳ್ಳುವ ಪ್ರತಿ ಗುಳಿಗೆಯ ಸ್ಟ್ರಿಪ್ ಚೀಲದಲ್ಲಿ ಹಾಕಿಕೊಂಡು ಹೋಗಿ ಸರ್ಜನ್ ಮುಂದೆ ಸುರುವಿ. ಕ್ಲೋಪಿಡೋಗ್ರೆಲ್ ಅನ್ನುವ ರಕ್ತ ತೆಳು ಮಾಡುವ ಗುಳಿಗೆಯನ್ನು ಸಾಮಾನ್ಯವಾಗಿ ಐದು ದಿನ ಮುಂಚೆ ನಿಲ್ಲಿಸುತ್ತಾರೆ. ಆಸ್ಪಿರಿನ್ ಹೆಚ್ಚಾಗಿ ಮುಂದುವರಿಸುತ್ತಾರೆ. ಶುಗರಿನ ಹೊಸ ಗುಳಿಗೆಗಳಾದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂರು ದಿನ ಮುಂಚೆ ನಿಲ್ಲಬೇಕು. ಯಾವುದನ್ನೂ ನೀವೇ ನಿಲ್ಲಿಸಬೇಡಿ, ಅವರ ಬಾಯಿಂದಲೇ ದಿನಾಂಕ ಹೇಳಿಸಿ ಬರೆದುಕೊಳ್ಳಿ. ಆಯುರ್ವೇದದ ಪುಡಿ, ಯಾರೋ ಕೊಟ್ಟ ಕಷಾಯ ಇದ್ದರೆ ಅದನ್ನೂ ಹೇಳಿ, ನಾಚಿಕೆ ಬೇಡ. ತಂಬಾಕು ಅವತ್ತೇ ಬಿಡಬೇಕು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವ ಕಾಕಾನ ನಲವತ್ತು ವರ್ಷದ ಚಟ ಆ ವಾರ ನಿಂತಿತು. ಹೆದರಿಕೆ ಮಾಡಿದ ಕೆಲಸವನ್ನು ಬುದ್ಧಿವಾದ ಯಾವತ್ತೂ ಮಾಡಿರಲಿಲ್ಲ.

ಇನ್ನು ಆಪರೇಷನ್. ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಕೊಯ್ದು ತೆರೆಯುತ್ತಾರೆ. ಕಾಲಿನಿಂದ ಒಂದು ಉದ್ದನೆಯ ರಕ್ತನಾಳ, ಎದೆಗೂಡಿನ ಒಳಗೋಡೆಯಿಂದ ಒಂದು ಅಪಧಮನಿ, ಕೆಲವರಿಗೆ ಮುಂಗೈಯಿಂದ ಇನ್ನೊಂದು ತೆಗೆದುಕೊಂಡು ಬ್ಲಾಕ್ ಆದ ಜಾಗದಿಂದ ಮುಂದಕ್ಕೆ ಹೊಲಿಯುತ್ತಾರೆ. ಹಳೇ ಬ್ಲಾಕನ್ನು ಯಾರೂ ತೆಗೆಯುವುದಿಲ್ಲ, ಅದು ಅಲ್ಲೇ ಇರುತ್ತದೆ. "ಎಲ್ಲಾ ಸ್ವಚ್ಛ ಮಾಡ್ಯಾರ" ಅಂತ ಊರಲ್ಲಿ ಹೇಳುತ್ತಾರಲ್ಲ, ಅದು ತಪ್ಪು. ಕಾಲಿನ ನಾಳ ಬಳಸಿ ಈ ಕೆಲಸವನ್ನು ರೂಢಿಗೆ ತಂದವರು ಅರ್ಜೆಂಟೀನಾದ ರೆನೆ ಫವಾಲೊರೊ. 1967ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. ಅದಕ್ಕೂ ಮುಂಚೆ ವರ್ಷಗಟ್ಟಲೆ ತಮ್ಮ ದೇಶದ ಒಂದು ಸಣ್ಣ ಊರಿನಲ್ಲಿ ಹಳ್ಳಿ ಡಾಕ್ಟರಾಗಿದ್ದವರು. ನಮ್ಮ ದೇಶದಲ್ಲಿ ಮೊದಲ ಬೈಪಾಸ್ 1975ರಲ್ಲಿ ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಮಾಡಿದರು. ಈಗ ನಮ್ಮಲ್ಲಿ ಬಹಳಷ್ಟು ಸರ್ಜನ್‌ಗಳು ಹೃದಯ ನಿಲ್ಲಿಸದೆ, ಬಡಿಯುತ್ತಿರುವಾಗಲೇ ಹೊಲಿಯುತ್ತಾರೆ. ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ ಹಾಕುತ್ತೀರಾ ಇಲ್ಲವಾ ಅಂತ ಪೀಡಿಸುವುದಕ್ಕಿಂತ ಒಂದು ಪ್ರಶ್ನೆ ಕೇಳಿ: "ಎಲ್‌ಎಡಿಗೆ ಎದೆಯ ಅಪಧಮನಿ ಹಾಕ್ತೀರಾ?" ಅದಕ್ಕೆ ಕಾರಣ ಇದೆ. ಎದೆಯ ಅಪಧಮನಿ ಹತ್ತು ವರ್ಷವಾದರೂ ನೂರಕ್ಕೆ ತೊಂಬತ್ತರಷ್ಟು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನ ನಾಳಗಳಲ್ಲಿ ಅಷ್ಟೊತ್ತಿಗೆ ಅರ್ಧದ ಹತ್ತಿರ ಮುಚ್ಚಿರುತ್ತವೆ, ಇಲ್ಲ ಕೆಟ್ಟಿರುತ್ತವೆ.

ಅಪಾಯ ಎಷ್ಟು? ಮುಂಚೆ ನಿಗದಿ ಮಾಡಿ ಮಾಡುವ ಆಪರೇಷನ್ನಿನಲ್ಲಿ, ಒಳ್ಳೆಯ ಆಸ್ಪತ್ರೆಯಲ್ಲಿ, ಜೀವಕ್ಕೆ ಅಪಾಯ ನೂರಕ್ಕೆ ಒಂದೆರಡು. ಕಿಡ್ನಿ ಕೆಟ್ಟಿದ್ದರೆ, ಇಎಫ್ ಬಹಳ ಕಮ್ಮಿ ಇದ್ದರೆ, ತುರ್ತಾಗಿ ಮಾಡಿದರೆ ಜಾಸ್ತಿ. "ನಮ್ಮ ರೋಗಿಗೆ ಎಷ್ಟು?" ಅಂತ ಕೇಳುವುದು ಅಪಶಕುನ ಅಲ್ಲ.

ಐಸಿಯು ಬಗ್ಗೆ ಮನೆಯವರು ಎರಡು ಸಂಗತಿ ತಿಳಿದಿರಬೇಕು. ಮೊದಲ ಸಲ ನೋಡಿದಾಗ ಬಾಯಲ್ಲಿ ಪೈಪು, ಎದೆಯಿಂದ ರಕ್ತ ಇಳಿಯುವ ಕೊಳವೆ, ಊದಿದ ಮುಖ. ಅದು ಕೆಟ್ಟಿದ್ದರ ಗುರುತಲ್ಲ, ಎಲ್ಲರಿಗೂ ಹಾಗೇ ಇರುತ್ತದೆ. ಎರಡನೆಯದು ರಾತ್ರಿಯ ಬಡಬಡಿಕೆ. ವಯಸ್ಸಾದವರಿಗೆ ಇದು ಸಾಮಾನ್ಯ. ಕಾಕಾ ಎರಡನೇ ರಾತ್ರಿ ನರ್ಸಿಗೆ "ಏ ತಂಗಿ, ಅಂಗಡಿ ಶಟರ್ ಹಾಕವಾ, ಮಳಿ ಬಂತು" ಅಂದರಂತೆ. ಚಿಗವ್ವ ಗಾಬರಿಯಾಗಿ ಮೂಗಬಸವೇಶ್ವರನಿಗೆ ಹರಕೆ ಹೊತ್ತರು. ನಿದ್ದೆ ಇಲ್ಲ, ನೋವಿನ ಔಷಧ, ಹಗಲು ರಾತ್ರಿ ಗೊತ್ತಾಗದ ಕೋಣೆ, ಇವು ಅದಕ್ಕೆ ಕಾರಣ. ಕೆಲವು ದಿನಗಳಲ್ಲಿ ಸರಿಯಾಗುತ್ತದೆ. ಕನ್ನಡಕ ಹಾಕಿಸಿ, ಕಿವಿ ಮಷಿನ್ ಇದ್ದರೆ ಕೊಡಿ, ಇವತ್ತು ಯಾವ ವಾರ ಅಂತ ಹೇಳುತ್ತಾ ಇರಿ. ಅದೇ ದಿನಗಳಲ್ಲಿ ನಾಡಿ ತಪ್ಪಿ ಜೋರಾಗಿ ಬಡಿಯುವುದೂ ಉಂಟು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಗುತ್ತದೆ, ಔಷಧಕ್ಕೆ ಬಗ್ಗುತ್ತದೆ.

ಮೂರು ಚೆಂಡಿನ ಪ್ಲಾಸ್ಟಿಕ್ ಸಾಮಾನು ಒಂದು ಕೊಡುತ್ತಾರೆ. ಎಲ್ಲರೂ ಅದನ್ನು ಊದುತ್ತಾರೆ. ಊದಬಾರದು, ಒಳಗೆ ಎಳೆಯಬೇಕು. ಎಳೆದು ಚೆಂಡು ಮೇಲೆ ನಿಲ್ಲಿಸಬೇಕು. ಎಚ್ಚರ ಇದ್ದಷ್ಟು ಹೊತ್ತು ಗಂಟೆಗೊಮ್ಮೆ. ಮಲಗಿದಾಗ ಶ್ವಾಸಕೋಶದ ತಳ ಮುಚ್ಚಿ ನ್ಯುಮೋನಿಯಾ ಆಗದಿರಲಿ ಅಂತ ಅದು. ಕೆಮ್ಮು ಬಂದರೆ ತಲೆದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಬೇಕು, ತಡೆಯಬಾರದು.

ನಿಜವಾದ ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ಮೊದಲ ಕಷ್ಟ ದಾರಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗ ಮುಟ್ಟುವುದರಲ್ಲಿ ಎಷ್ಟು ಹಂಪ್ ಇವೆ ಅಂತ ಬೈಪಾಸ್ ಆದವರನ್ನು ಕೇಳಿ. ಎದೆಗೆ ದಿಂಬು ಕೊಟ್ಟು ಅದರ ಮೇಲೆ ಸೀಟ್ ಬೆಲ್ಟ್ ಹಾಕಿ, ನಿಧಾನ ಬನ್ನಿ.

ಎರಡನೇ ಕಷ್ಟ ನೆಲ. ಕೊಯ್ದ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಆ ತಂತಿ ಕೊನೆ ತನಕ ಒಳಗೇ ಇರುತ್ತದೆ, ತೊಂದರೆ ಇಲ್ಲ. ಆದರೆ ಎಲುಬು ಕೂಡಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿತನಕ ಕೈ ಊರಿ ಏಳಬಾರದು. ನಮ್ಮ ಮನೆಗಳಲ್ಲಿ ಊಟ ನೆಲದ ಮೇಲೆ, ಕೂರುವುದು ಚಾಪೆ ಮೇಲೆ, ಪಾಯಖಾನೆ ಕುಕ್ಕರಗಾಲಿನದು. ಮೂರಕ್ಕೂ ಕೈ ಊರಲೇಬೇಕು. ಹಾಗಾಗಿ ಡಿಸ್ಚಾರ್ಜಿಗೆ ಮುಂಚೆಯೇ ಒಂದು ಎತ್ತರದ ಮಂಚ, ಕೈ ಇರುವ ಕುರ್ಚಿ, ಕಮೋಡ್ ಚೇರ್ ಮನೆಗೆ ತಂದಿಡಿ. ಕುರ್ಚಿಯ ಕೈ ಇರುವುದು ಆತುಕೊಳ್ಳಲು, ಒತ್ತಿ ಏಳಲು ಅಲ್ಲ. ತುಂಬಿದ ಕೊಡ ಎತ್ತಬಾರದು, ಮೊಮ್ಮಗನನ್ನು ಎತ್ತಬಾರದು, ದೀರ್ಘದಂಡ ನಮಸ್ಕಾರ ಬೇಡ. ಸ್ಕೂಟರ್ ಎರಡು ಮೂರು ತಿಂಗಳು ಬೇಡ. ಮಲ ಕಟ್ಟಿದರೆ ತಿಣುಕಬೇಡಿ, ಇಸಬ್‌ಗೋಲ್ ಬಗ್ಗೆ ಕೇಳಿ. ಗಾಯಕ್ಕೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ಸೋಪು ನೀರಿನಲ್ಲಿ ತೊಳೆದು ಒತ್ತಿ ಒರೆಸಿದರೆ ಸಾಕು.

ಮೂರನೇ ಕಷ್ಟ, ಎಲ್ಲಕ್ಕಿಂತ ದೊಡ್ಡದು, ಮಾತಾಡಿಸಲು ಬರುವವರು. ಅವರ ಪ್ರೀತಿ ನಿಜ. ಬಾಳೆಹಣ್ಣು, ಬಿಸ್ಕೀಟು, ಒಂದು ಡಬ್ಬಿ ಧಾರವಾಡ ಪೇಢೆ, ಅದೂ ಶುಗರ್ ಇದ್ದವರಿಗೆ! ಒಬ್ಬರು ಎದ್ದರೆ ಇನ್ನೊಬ್ಬರು. ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳಬೇಕು. ಒಬ್ಬರಂತೂ ಕಾಕಾನ ಎದುರೇ ಕೂತು "ನಮ್ಮ ಷಡ್ಡಕಗೂ ಹಿಂಗ ಆಗಿತ್ತು ನೋಡ್ರಿ, ಮೂರ ತಿಂಗಳಿಗೆ ಹೋಗಿಬಿಟ್ಟ" ಅಂದರು. ಅದೇ ಸಂಜೆಯಿಂದ ಕಾಕಾ ಊಟ ಬಿಟ್ಟರು. ಅವತ್ತು ಚಿಗವ್ವ ಕಟ್ಟೆ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನು ಅಲ್ಲೇ ಮಾತಾಡಿಸಿ ಕಳಿಸಲು ಶುರು ಮಾಡಿದರು. ಬೈಸಿಕೊಂಡರು, ಆದರೆ ಬಿಡಲಿಲ್ಲ. ಮೊದಲ ತಿಂಗಳು ಕೆಮ್ಮು ನೆಗಡಿ ಇರುವವರು ಒಳಗೆ ಬರಲೇಬಾರದು.

ಊಟ ಬಿಟ್ಟಿದ್ದಕ್ಕೆ ಆ ಮಾತು ಒಂದೇ ಕಾರಣ ಅಲ್ಲ. ಬೈಪಾಸ್ ಆದ ಎಷ್ಟೋ ಜನರಿಗೆ ಮನಸ್ಸು ಕುಗ್ಗುತ್ತದೆ. ಸುಮ್ನೆ ಅಳು ಬರುತ್ತದೆ, ಸಿಡುಕು, ನಿದ್ದೆ ಇಲ್ಲ. ನಮ್ಮ ಗಂಡಸರು ಇದನ್ನು ಹೇಳುವುದಿಲ್ಲ. ಕೆಲವು ವಾರದಲ್ಲಿ ತಾನೇ ಹೋಗದಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಅದಕ್ಕೂ ಔಷಧ ಇದೆ. ಹಾಗೇ ಎದೆಯ ಎಡಭಾಗದಲ್ಲಿ ಜೋಮು, ಉರಿ, ಮುಟ್ಟಿದರೆ ಚುಚ್ಚಿದಂತೆ ಆಗುವುದು. ಒಳಗಿನ ಅಪಧಮನಿ ತೆಗೆದ ಕಡೆ ಇದು ತಿಂಗಳುಗಟ್ಟಲೆ ಇರುತ್ತದೆ. ಕಾಕಾ ಮತ್ತೆ ಬ್ಲಾಕ್ ಆಯಿತು ಅಂತಲೇ ತಿಳಿದಿದ್ದರು. ನಾಳ ತೆಗೆದ ಕಾಲು ಊದುವುದೂ ಮಾಮೂಲು, ಕೂತಾಗ ಎತ್ತರಕ್ಕೆ ಇಡಬೇಕು. ಮಾಮೂಲು ಅಲ್ಲದ್ದು ಇವು: ಜ್ವರ, ಗಾಯದಿಂದ ಕೀವು, ಎದೆ ಎಲುಬು ಕಟಕಟ ಅನ್ನುವುದು, ಎರಡು ದಿನದಲ್ಲಿ ಎರಡು ಕೆಜಿ ತೂಕ ಏರುವುದು, ಮಲಗಿದರೆ ದಮ್ಮು. ಇವುಗಳಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಕೂಡುವುದಕ್ಕೆ ಬೈಪಾಸ್ ಅಡ್ಡಿ ಅಲ್ಲ. ಎಲುಬು ಕೂಡಿದ ಮೇಲೆ, ಎರಡು ಮಹಡಿ ಮೆಟ್ಟಿಲು ದಮ್ಮಿಲ್ಲದೆ ಹತ್ತುವಂತಾದರೆ ಆಗಬಹುದು. ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಗುಳಿಗೆ ಬಳಸುವವರು ವಯಾಗ್ರದಂಥದ್ದು ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಆಗಿ ಆರು ತಿಂಗಳಿಗೆ ಮನುಷ್ಯ ಮೊದಲಿನಂತೆ ಓಡಾಡುತ್ತಾನೆ. ಆಗಲೇ ಗುಳಿಗೆ ಬಿಡುವುದು. "ಈಗ ಆರಾಮ ಅದೇನಲ್ಲ, ಇನ್ಯಾಕ ಗುಳಿಗಿ?" ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಗುಳಿಗೆ ಜೀವನಪೂರ್ತಿ. ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನಾರ್ಮಲ್ ಅಂತ ಬಂದರೆ ಅದು ಗುಳಿಗೆಯಿಂದ ಬಂದದ್ದು. ಲ್ಯಾಬ್ ಕಾಗದದಲ್ಲಿ 100ರ ಒಳಗೆ ನಾರ್ಮಲ್ ಅಂತ ಛಾಪಿಸಿರುತ್ತಾರೆ. ಬೈಪಾಸ್ ಆದವರಿಗೆ 70ರ ಕೆಳಗೆ ಬೇಕು, ಈಗ ಬಹಳ ಡಾಕ್ಟರು 55ರ ಕೆಳಗೆ ಅನ್ನುತ್ತಾರೆ. ಹೊಲಿದ ನಾಳವೂ ಮುಚ್ಚುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದನ್ನು ತಡೆಯುವುದು ಇದೇ. ವಾಟ್ಸಾಪಿನಲ್ಲಿ ಬರುವ ಬೆಳ್ಳುಳ್ಳಿ ಶುಂಠಿ ರಸ ಬ್ಲಾಕ್ ಕರಗಿಸುವುದಿಲ್ಲ. ಊಟದಲ್ಲಿ ಜೋಳದ ರೊಟ್ಟಿ, ಪಲ್ಯ, ಕಾಳು ಎಲ್ಲ ಚೆನ್ನಾಗಿದೆ. ಕೈ ಹಿಡಿಯಬೇಕಾದ್ದು ಉಪ್ಪಿನಕಾಯಿಯ ಉಪ್ಪಿಗೆ, ಕರಿದದ್ದಕ್ಕೆ. ಕಾಕಾ ಈಗ ಬೆಳಿಗ್ಗೆ ಭೀಷ್ಮ ಕೆರೆ ಕಡೆ ನಡೆಯುತ್ತಾರೆ. ಬರುವಾಗ ಒಂದು ಮಿರ್ಚಿ ತಿಂದು ಬರುತ್ತಾರೆ ಅಂತ ಚಿಗವ್ವನ ಅನುಮಾನ, ನನ್ನದೂ ಅದೇ.

ಕೊನೆಗೆ ಮಕ್ಕಳು. ಅಪ್ಪನಿಗೆ 55ರೊಳಗೆ, ಅವ್ವನಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು. ತಮ್ಮ ತಂಗಿಯರಿಗೂ ಅಷ್ಟೇ. ಕಾಕಾಗೆ ಮೊದಲ ಸಲ ಎದೆ ಹಿಡಿದದ್ದು 54ರಲ್ಲಿ, ಆಗ ಅದು ಗ್ಯಾಸ್ ಆಗಿತ್ತು. ಅವರ ಹಿರಿಮಗ ಕೊಲೆಸ್ಟ್ರಾಲ್, ಶುಗರ್, ಬಿಪಿ ಮೂರೂ ನೋಡಿಸಿಕೊಂಡ. ಎಲ್‌ಡಿಎಲ್ ಜಾಸ್ತಿ ಬಂತು, ಗುಳಿಗೆ ಶುರುವಾಗಿದೆ. ಕಿರಿಮಗ ಇನ್ನೂ ಹೋಗಿಲ್ಲ. ಕೇಳಿದಾಗೆಲ್ಲ "ಸೀಸನ್ ಮುಗೀಲಿ ಅಣ್ಣಾ" ಅನ್ನುತ್ತಾನೆ. ಬಟ್ಟೆ ಅಂಗಡಿಗೆ ಸೀಸನ್ ಯಾವಾಗ ಮುಗಿಯುತ್ತದೆ?